ಆತಂಕಕ್ಕೆ ಪೋರ್ಶನ್ ಕೇಳಿದ ವರ್ಷ

ಮೊನ್ನೆ ಶಿರ್ವ ಪೇಟೆಯ ಜೆರಾಕ್ಸ್ ಅಂಗಡಿಯಲ್ಲಿ ಆಧಾರ್ ಕಾರ್ಡಿನ ಪ್ರತಿ ಮಾಡಿಸಲು ನಿಂತಿದ್ದೆ. ಯಂತ್ರದೊಳಗಿಂದ ಬಿಸಿ ಕಾಗದ ಹೊರಗೆ ಜಾರಿತು, ಅದರ ಜೊತೆಗೇ ಆ ವಾಸನೆ. ಇಸ್ತ್ರಿ ಪೆಟ್ಟಿಗೆ ಮತ್ತು ಶಾಯಿ ಎರಡನ್ನೂ ಒಟ್ಟಿಗೆ ಮೂಸಿದ ಹಾಗೆ. ನನಗೆ ಸುಮ್ಮಸುಮ್ಮನೆ ಸಿಟ್ಟು ನೆತ್ತಿಗೇರಿತು. ಅಂಗಡಿಯ ಹೆಂಗಸು, "ಎಷ್ಟು ಕಾಪಿ ಟೀಚರ್?" ಎಂದು ಕೇಳಿದ್ದಷ್ಟೆ. "ಒಂದು! ಒಂದು ಸಾಕು ಅಂತ ಆಗಲೇ ಹೇಳ್ಲಿಲ್ವಾ?" ಎಂದು ಗದರಿಬಿಟ್ಟೆ. ಪಾಪ, ಅವಳದೇನು ತಪ್ಪು? ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕುವ ಜಾತಿಯವಳು ನಾನು, ಇವತ್ತಿಗೂ.

ನನ್ನ ಆ ಜ್ವರ ದುಬೈಯದು. ಎರಡು ಸಾವಿರದ ಹತ್ತರ ದಶಕ ಅರ್ಧ ದಾಟಿದ್ದ ಒಂದು ವರ್ಷದ್ದು. ಆಗ ನಾನು ಅಲ್ ಕೂಜ್‌ನ ಅಂಚಿನಲ್ಲಿದ್ದ ಒಂದು ಇಂಡಿಯನ್ ಶಾಲೆಯಲ್ಲಿ ಹತ್ತನೆಯ ತರಗತಿಗೆ ಬಯಾಲಜಿ ಕಲಿಸುತ್ತಿದ್ದೆ. ಆಚೆ ಗೋದಾಮುಗಳು, ಈಚೆ ಗ್ಯಾರೇಜುಗಳು, ನಡುವೆ ನಮ್ಮ ಶಾಲೆ. ಮನೆ ಮುರಕ್ಕಬಾತ್‌ನಲ್ಲಿ, ಮೂರನೇ ಮಹಡಿ. ಕೆಳಗಿನ ಹೋಟೆಲುಗಳಿಂದ ಸಂಜೆಯಿಡೀ ಸುಟ್ಟ ಮಾಂಸದ ಹೊಗೆ ಕಿಟಕಿಗೆ ಬಡಿಯುತ್ತಿತ್ತು. ಗಂಡ ಫೆಲಿಕ್ಸ್‌ಗೆ ಅಬುಧಾಬಿಯ ಮುಸಫ್ಫಾದಲ್ಲಿ ಒಂದು ಫ್ಯಾಬ್ರಿಕೇಶನ್ ಕಂಪನಿಯಲ್ಲಿ ಸೇಫ್ಟಿ ಆಫೀಸರ್ ಕೆಲಸ. ವಾರವಿಡೀ ಅಲ್ಲೇ ಕಂಪನಿಯ ರೂಮು. ಗುರುವಾರ ಸಂಜೆ ಬಂದರೆ ಶನಿವಾರ ಸಂಜೆ ಹೊರಟ. ವಾರಕ್ಕೆರಡು ದಿನದ ಸಂಸಾರ ನಮ್ಮದು. ಜಗಳ ಆಡುವುದಕ್ಕೂ ಸಮಯ ಸಾಲುತ್ತಿರಲಿಲ್ಲ.

ಬೇಸಿಗೆ ರಜೆ ಮುಗಿದು ಸೆಪ್ಟೆಂಬರ್ ಬಂದಿತ್ತು. ಬಿಸಿಲು ಇಳಿಯಿತು ಎನ್ನುವಾಗ ಅಲ್ಲಿ ಹಸಿ ಸೆಕೆ ಶುರುವಾಗುತ್ತದೆ. ಬೆಳಿಗ್ಗೆ ಆರೂಕಾಲಕ್ಕೆ ಶಾಲೆಯ ಬಸ್ಸಿಗೆಂದು ಕೆಳಗಿಳಿದರೆ ಕನ್ನಡಕಕ್ಕೆ ಹಬೆ ಹಿಡಿದು ಬಸ್ಸೇ ಕಾಣುತ್ತಿರಲಿಲ್ಲ. ಅಂಥದೊಂದು ಭಾನುವಾರ, ಅಂದರೆ ಅಲ್ಲಿನ ವಾರದ ಮೊದಲ ದಿನ, ಪ್ರಿನ್ಸಿಪಾಲ್ ಮೇಡಂ ನನ್ನನ್ನು ಕರೆಸಿದರು. ಅವರು ದಿಲ್ಲಿ ಕಡೆಯವರು, ಮಾತೆಲ್ಲ ಇಂಗ್ಲಿಷಿನಲ್ಲಿ. ನಾನಿಲ್ಲಿ ಕನ್ನಡದಲ್ಲೇ ಬರೆಯುತ್ತೇನೆ.

"ಜೆಸಿಂತಾ, ಜನವರಿಯಲ್ಲಿ ಸರ್ಕಾರದ ಇನ್ಸ್‌ಪೆಕ್ಷನ್ ಇದೆ. ಮಕ್ಕಳ ಮನಸ್ಸಿನ ಆರೋಗ್ಯದ ವಿಷಯದಲ್ಲಿ ನಮ್ಮ ಕೈಯಲ್ಲಿ ಒಂದೂ ಎವಿಡೆನ್ಸ್ ಇಲ್ಲ. ಹತ್ತನೆಯವರ ಪರೀಕ್ಷಾ ಆತಂಕವನ್ನು ಅಳೆದುಬಿಡಿ. ನೀವು ಕೌನ್ಸೆಲಿಂಗ್ ವರ್ಕ್‌ಶಾಪಿಗೆ ಹೋಗಿದ್ದಿರಲ್ಲ?"

ಹೋಗಿದ್ದೆ, ಎರಡು ದಿನ. ಮಧ್ಯಾಹ್ನದ ಬಿರಿಯಾನಿ ಬಿಟ್ಟರೆ ನೆನಪಿರುವುದು ಕಡಿಮೆ. ಆದರೂ ಒಪ್ಪಿಕೊಂಡೆ. ಸುಳ್ಳು ಯಾಕೆ ಹೇಳಲಿ, ನನಗೆ ಖುಷಿಯೇ ಆಗಿತ್ತು. ಹದಿನೆಂಟು ವರ್ಷದಿಂದ ಮಕ್ಕಳು ಪರೀಕ್ಷೆಯ ಮುಂಚೆ ಟಾಯ್ಲೆಟ್‌ಗೆ ಓಡುವುದನ್ನು, ಉಗುರು ಕಚ್ಚಿ ರಕ್ತ ಬರಿಸಿಕೊಳ್ಳುವುದನ್ನು ನೋಡಿದವಳು ನಾನು. ಕೊನೆಗೂ ಯಾರೋ ಇದನ್ನು ಕೇಳಿದರಲ್ಲ ಎಂದುಕೊಂಡೆ. ಯಾಕೆ ಕೇಳಿದರು ಎಂದು ಯೋಚಿಸಲಿಲ್ಲ.

ಇಪ್ಪತ್ತೈದು ವಾಕ್ಯಗಳ ಒಂದು ಪ್ರಶ್ನಾವಳಿ ತಯಾರಾಯಿತು. "ಪ್ರಶ್ನೆಪತ್ರಿಕೆ ಕೈಗೆ ಬಂದ ಕೂಡಲೇ ಓದಿದ್ದು ಮರೆತುಹೋಗುತ್ತದೆ", "ಪರೀಕ್ಷೆಯ ಹಿಂದಿನ ದಿನ ಊಟ ಸೇರುವುದಿಲ್ಲ", ಹೀಗೆ. ಪ್ರತಿಯೊಂದಕ್ಕೂ ಒಂದರಿಂದ ನಾಲ್ಕರವರೆಗೆ ಅಂಕಿ: ಎಂದೂ ಇಲ್ಲ ಎಂದರೆ ಒಂದು, ಯಾವಾಗಲೂ ಎಂದರೆ ನಾಲ್ಕು. ಹೆದರಿಕೆಯೇ ಇಲ್ಲದ ಮಗುವಿಗೆ ಇಪ್ಪತ್ತೈದು, ಪೂರ್ತಿ ಹೆದರಿದ್ದಕ್ಕೆ ನೂರು. ಹೆಸರು ಬರೆಸುವುದು ಬೇಡ ಎಂದೆ. "ರೋಲ್ ನಂಬರ್ ಇರಲಿ, ಅದಿಲ್ಲದಿದ್ದರೆ ಎವಿಡೆನ್ಸ್ ಹೇಗಾಗುತ್ತದೆ?" ಎಂದರು ಮೇಡಂ. ಮನೆಯವರ ಒಪ್ಪಿಗೆ ಬೇಕು, ಆದ್ದರಿಂದ ಸರ್ಕ್ಯುಲರ್ ಜೊತೆ ಪ್ರಶ್ನಾವಳಿಯ ಒಂದು ಪ್ರತಿಯನ್ನೂ ಮನೆಗೆ ಕಳಿಸಿ ಎಂದರು. ನ್ಯಾಯವಾದ ಮಾತು ಅನ್ನಿಸಿತು. ನೂರ ಹದಿನೆಂಟು ಮಕ್ಕಳು, ಮನೆಗೊಂದು ಪ್ರತಿ, ಶಾಲೆಗೊಂದು ಪ್ರತಿ. ಜೆರಾಕ್ಸ್ ಕೋಣೆಯಲ್ಲಿ ಎಸಿ ಕೆಟ್ಟಿತ್ತು. ಆ ಬಿಸಿ ಕಾಗದದ ವಾಸನೆಯಲ್ಲಿ ಎರಡು ಪೀರಿಯಡ್ ನಿಂತು ನಾನೇ ಎಲ್ಲವನ್ನೂ ಸ್ಟೇಪಲ್ ಹೊಡೆದೆ.

ಗುರುವಾರ ಫೆಲಿಕ್ಸ್ ಬಂದವನು ಊಟದ ಮೇಜಿನ ಮೇಲಿದ್ದ ಕಟ್ಟು ನೋಡಿ ಒಂದನ್ನು ಎತ್ತಿ ಓದಿದ. ಮನೆಯಲ್ಲಿ ನಮ್ಮದು ಕೊಂಕಣಿ, ಕನ್ನಡ ಎರಡೂ ಬೆರೆತ ಮಾತು.

"ಇದನ್ನು ಕಡೆಗೆ ಯಾರು ನೋಡ್ತಾರೆ ಜೆಸ್ಸಿ?"

"ನಾನೇ. ಮತ್ಯಾರು?"

"ನಮ್ಮಲ್ಲಿ ದಿನಾ ಬೆಳಿಗ್ಗೆ ಎತ್ತರದ ಕೆಲಸಕ್ಕೆ ಮೇಲೆ ಹತ್ತುವವರ ಬಿಪಿ ನೋಡ್ತೇವೆ, ಗೊತ್ತುಂಟಾ? ಜಾಸ್ತಿ ಇದ್ದವನನ್ನು ಹತ್ತಲಿಕ್ಕೆ ಬಿಡುವುದಿಲ್ಲ. ಕೆಳಗೆ ಕೂತು ತುಂಡು ಕಬ್ಬಿಣ ಹೆಕ್ಕಬೇಕು. ಅದಕ್ಕೇ ಎಲ್ಲರೂ ಮೊದಲೇ ಎರಡು ಪ್ಯಾಕೆಟ್ ಲಬಾನ್ ಕುಡಿದು ಬರ್ತಾರೆ. ಮಜ್ಜಿಗೆ ಕುಡಿದರೆ ಬಿಪಿ ಇಳೀತದಂತೆ."

"ಇಳೀತದಾ?"

"ಇಳಿಯುವುದಿಲ್ಲ, ಅವರ ನಂಬಿಕೆ. ಆದರೆ ನಿಜ ಹೇಳಿದವ ಕೆಳಗೇ ಇರ್ತಾನೆ, ಅಷ್ಟೇ ನಾನು ಹೇಳಿದ್ದು."

"ಇದು ನಿಮ್ಮ ಮುಸಫ್ಫಾ ಅಲ್ಲ ಮಾರಾಯಾ, ಶಾಲೆ" ಎಂದೆ ನಾನು. ಈಗ ಆ ಮಾತು ನೆನೆದರೆ ನನ್ನ ನಾಲಿಗೆಯನ್ನೇ ಕಚ್ಚಿಕೊಳ್ಳುವ ಹಾಗಾಗುತ್ತದೆ.

ಸರ್ಕ್ಯುಲರ್ ಮನೆ ಸೇರಿದ ದಿನ ಸಂಜೆಯಿಂದಲೇ ಫೋನು ಶುರು. ಗಲ್ಫಿನ ತಾಯಂದಿರಿಗೆ ಶಾಲೆಯಿಂದ ಬಂದ ಯಾವ ಕಾಗದದಲ್ಲೇ ಆಗಲಿ "ಟೆಸ್ಟ್" ಎಂಬ ಶಬ್ದ ಕಂಡರೆ ಸಾಕು, ಎಷ್ಟು ಪಾಠ ಓದಿಸಬೇಕು ಎಂಬುದೊಂದೇ ಪ್ರಶ್ನೆ.

"ಮಿಸ್, ಪೋರ್ಶನ್ ಎಷ್ಟು?"

"ಇದಕ್ಕೆ ಪೋರ್ಶನ್ ಇಲ್ಲಮ್ಮ. ಇದು ಪರೀಕ್ಷೆ ಅಲ್ಲ, ಪರೀಕ್ಷೆಯ ಹೆದರಿಕೆ ಎಷ್ಟುಂಟು ಅಂತ ನೋಡುವುದು."

"ಹಾಂ, ಅದೇ. ಎಷ್ಟು ಬಂದ್ರೆ ಪಾಸು?"

ಹದಿಮೂರು ತಾಯಂದಿರು, ನಾಲ್ಕು ತಂದೆಯಂದಿರು. ಒಬ್ಬರಂತೂ ಹಳೆಯ ಪ್ರಶ್ನೆಪತ್ರಿಕೆ ಉಂಟಾ ಎಂದು ಕೇಳಿದರು. ಇನ್ನೊಬ್ಬರು ಮೆಲ್ಲಗೆ, "ಹನ್ನೊಂದನೇ ಕ್ಲಾಸಿನ ಸೈನ್ಸ್ ಸೀಟಿಗೆ ಇದನ್ನು ನೋಡ್ತಾರಂತಲ್ಲ, ಹೌದಾ ಮಿಸ್?" ಎಂದರು. ನಮ್ಮ ಶಾಲೆಯಲ್ಲಿ ಹನ್ನೊಂದರ ಸೈನ್ಸ್‌ಗೆ ಒಂದೇ ಸೆಕ್ಷನ್, ಅದರ ಪಟ್ಟಿ ಮಾರ್ಚಿನಲ್ಲಿ ಮೇಡಂ ಕೋಣೆಯಿಂದ ಬರುತ್ತಿತ್ತು. "ಛೆ ಛೆ, ಯಾರು ಹೇಳಿದ್ದು ನಿಮಗೆ? ಸಂಬಂಧವೇ ಇಲ್ಲ" ಎಂದು ನಾನು ಎದೆ ತಟ್ಟಿ ಹೇಳಿದೆ. ಅಷ್ಟು ಧೈರ್ಯ ಎಲ್ಲಿಂದ ಬಂದಿತ್ತೋ ನನಗೆ.

ಮುಂದಿನ ಭಾನುವಾರ, ಮೂರನೇ ಪೀರಿಯಡ್. ಹತ್ತನೇ ಬಿ ಸೆಕ್ಷನ್. ಕಾಗದ ಹಂಚಿ, "ರೋಲ್ ನಂಬರ್ ನೋಡಿ ಹೆದರಬೇಡಿ, ಇದನ್ನು ನನ್ನನ್ನು ಬಿಟ್ಟು ಯಾರೂ ನೋಡುವುದಿಲ್ಲ" ಎಂದು ಇಂಗ್ಲಿಷಿನಲ್ಲಿ ಎರಡು ಸಲ ಹೇಳಿದೆ. ಎಲ್ಲರೂ ತಲೆ ತಗ್ಗಿಸಿ ಸರಸರ ಗುರುತು ಹಾಕತೊಡಗಿದರು. ಓದುತ್ತಲೂ ಇರಲಿಲ್ಲ. ಕಿಟಕಿ ಬದಿಯಲ್ಲಿ ಒಬ್ಬಳು ಮಾತ್ರ ಕೈ ಎತ್ತಿದಳು. ಸುಮಯ್ಯಾ.

ಸುಮಯ್ಯಾ ಭಟ್ಕಳದವಳು. ತಂದೆಗೆ ದೇರಾದಲ್ಲಿ ಬಟ್ಟೆ ಅಂಗಡಿ. ಮನೆಯಲ್ಲಿ ನವಾಯತಿ ಮಾತು, ತಾಯಿಗೆ ಕನ್ನಡ ಚೆನ್ನಾಗಿ ಬರುತ್ತಿತ್ತು, ಇವಳಿಗೆ ಅರ್ಥವಾಗುತ್ತಿತ್ತು. ಉತ್ತರ ಮಾತ್ರ ಇಂಗ್ಲಿಷಿನಲ್ಲಿ. ಲ್ಯಾಬಿನಲ್ಲಿ ಅವಳು ರಬ್ಬರ್ ಮುಟ್ಟದೆ ಕಪ್ಪೆಯ ಹೃದಯದ ಚಿತ್ರ ಬಿಡಿಸುವುದನ್ನು ನೋಡಲು ಬೇರೆ ಮಕ್ಕಳು ಸುತ್ತ ನಿಲ್ಲುತ್ತಿದ್ದರು. ಬಾಯಿಮಾತಿನಲ್ಲಿ ಏನು ಕೇಳಿದರೂ ಉತ್ತರ ರೆಡಿ, ಮತ್ತೆ ತಿರುಗಿ ನನಗೇ ಎರಡು ಪ್ರಶ್ನೆ, ಅದೂ ಇಂಗ್ಲಿಷಿನಲ್ಲೇ. "ಮಿಸ್, ಜಿರಳೆಗೆ ಗಾಯವಾದರೆ ನೋವಾಗ್ತದಾ? ಮಿಸ್, ನಾವು ಅದನ್ನು ಕೇಳೋದು ಹೇಗೆ?" ತಲೆ ತಿನ್ನುತ್ತಿದ್ದಳು, ಅಷ್ಟೇ ಇಷ್ಟ ನನಗೆ ಅವಳು. ಆದರೆ ಪರೀಕ್ಷೆಯಲ್ಲಿ ಅವಳ ಪೇಪರ್ ಯಾವಾಗಲೂ ಅರ್ಧ. ಬರೆದಷ್ಟು ಬಂಗಾರ, ಕೊನೆಯ ಎರಡು ಪ್ರಶ್ನೆ ಖಾಲಿ. ಸೋಮಾರಿ ಎಂದು ಮಾರ್ಕ್ಸ್ ಕಾರ್ಡಿನಲ್ಲಿ ನಾನೇ ಒಮ್ಮೆ ಬರೆದಿದ್ದೆ.

"ಮಿಸ್, ಶುಡ್ ಐ ರೈಟ್ ದ ಟ್ರೂತ್?" ಎಂದು ಕೇಳಿದಳು.

ಕ್ಲಾಸು ಕಿಸಕ್ಕನೆ ನಕ್ಕಿತು. ಯಾಕೆ ನಕ್ಕರು ಎಂದು ನನಗೆ ತಿಳಿಯಲಿಲ್ಲ. "ನಿಜವನ್ನೇ ಬರಿ ಮಗಾ. ನಾನಿದ್ದೇನಲ್ಲ" ಎಂದೆ, ಅವಳಿಗೆ ಮಾತ್ರ ಅರ್ಥವಾಗಲಿ ಎಂದು ಕನ್ನಡದಲ್ಲಿ. ಅವಳು ತಲೆಯಾಡಿಸಿ ಬರೆಯತೊಡಗಿದಳು.

ಆ ವಾರಾಂತ್ಯದಲ್ಲಿ ಮೇಜಿನ ಮೇಲೆ ಹರವಿಕೊಂಡು ಕೂಡಿಸಲು ಕುಳಿತೆ. ಮೊದಲ ಕಾಗದ, ಇಪ್ಪತ್ತೊಂಬತ್ತು. ಎರಡನೆಯದು, ಇಪ್ಪತ್ತೊಂಬತ್ತು. ಮೂರು, ನಾಲ್ಕು, ಐದು, ಎಲ್ಲವೂ ಇಪ್ಪತ್ತೊಂಬತ್ತು. ನನ್ನ ಕಣ್ಣೇ ಕೆಟ್ಟಿತೋ ಎಂದುಕೊಂಡು ಪಕ್ಕಪಕ್ಕ ಇಟ್ಟು ನೋಡಿದೆ. ಮೂರು, ಒಂಬತ್ತು, ಹದಿನಾಲ್ಕು, ಇಪ್ಪತ್ತೆರಡು, ಈ ನಾಲ್ಕು ವಾಕ್ಯಗಳಿಗೆ ಎರಡು. ಉಳಿದ ಇಪ್ಪತ್ತೊಂದಕ್ಕೂ ಒಂದು. ಎಲ್ಲೋ ಕೆಲವರು ಕ್ರಮ ಮರೆತು ಹದಿನಾಲ್ಕರ ಬದಲು ಹದಿನೈದಕ್ಕೆ ಎರಡು ಹಾಕಿದ್ದರು, ಅಷ್ಟೇ ವ್ಯತ್ಯಾಸ. ಫೆಲಿಕ್ಸ್ ಬಗ್ಗಿ ನೋಡಿ, "ಲಬಾನ್" ಎಂದ. ನನಗೆ ಎಷ್ಟು ಉರಿಯಿತೆಂದರೆ ಅವನ ತಟ್ಟೆಗೆ ಮೀನು ಬಡಿಸಲಿಲ್ಲ.

ಮರುವಾರ ಒಬ್ಬಳನ್ನು ಕರೆದು ಕೇಳಿದೆ. ಅವಳು ಅಂಜದೆ ಹೇಳಿದಳು. ಮುರಕ್ಕಬಾತ್‌ನಲ್ಲಿ, ನನ್ನ ಮನೆಯಿಂದ ಎರಡು ಬಿಲ್ಡಿಂಗ್ ಆಚೆ, ಒಬ್ಬರು ಟ್ಯೂಷನ್ ಸರ್ ಇದ್ದರು. ಹತ್ತನೆಯವರಲ್ಲಿ ಅರ್ಧಕ್ಕರ್ಧ ಅಲ್ಲಿಗೇ ಹೋಗುತ್ತಿದ್ದರು. ನಾನು ಮನೆಮನೆಗೆ ಕಳಿಸಿದ ಪ್ರಶ್ನಾವಳಿಯನ್ನು ಅವರು ಬೋರ್ಡಿನ ಮೇಲೆ ಬಿಡಿಸಿ ಕೊಟ್ಟಿದ್ದರು. ಎಲ್ಲದಕ್ಕೂ ಒಂದು ಹಾಕಿದರೆ ಸುಳ್ಳೆಂದು ಗೊತ್ತಾಗುತ್ತದೆ, ಆದ್ದರಿಂದ ನಾಲ್ಕು ಕಡೆ ಎರಡು. ಅವರ ಟ್ಯೂಷನ್‌ಗೆ ಹೋಗದವರು ಹೋಗುವವರಿಂದ ವಾಟ್ಸಾಪಿನಲ್ಲಿ ತರಿಸಿಕೊಂಡರು. ಆತಂಕ ಪಡಬಾರದು ಎಂಬ ಆತಂಕಕ್ಕೆ ಎರಡು ಸಂಜೆ ಕೂತು ಬಾಯಿಪಾಠ ಮಾಡಿದ್ದಾರೆ, ದೇವರೇ! ನಗಬೇಕೋ, ಹಣೆ ಚಚ್ಚಿಕೊಳ್ಳಬೇಕೋ.

ಒಂದೇ ಒಂದು ಕಾಗದ ಬೇರೆ ಇತ್ತು, ಸುಮಯ್ಯಾಳ ರೋಲ್ ನಂಬರಿನದು. ತೊಂಬತ್ತೊಂದು. ಒಂದೊಂದು ವಾಕ್ಯವನ್ನೂ ಯೋಚಿಸಿ ಗುರುತು ಹಾಕಿದ್ದು ಕಾಣುತ್ತಿತ್ತು. ಎರಡು ಕಡೆ ಮೂರನ್ನು ಹೊಡೆದು ನಾಲ್ಕು ಮಾಡಿದ್ದಳು. ಹಿಂದೆ ತಿರುಗಿಸಿದರೆ ಪೆನ್ಸಿಲಿನಲ್ಲಿ ಸಣ್ಣ ಅಕ್ಷರದ ಇಂಗ್ಲಿಷ್. ಅದರ ಅರ್ಥ ಇಷ್ಟು: ಬೆಲ್ ಹೊಡೆದ ಕೂಡಲೇ ನನ್ನ ಬಲಗೈ ತಣ್ಣಗಾಗುತ್ತದೆ, ಪೆನ್ ಹಿಡಿಯಲು ಆಗುವುದಿಲ್ಲ. ಅದನ್ನು ಕಂಕುಳಲ್ಲಿ ಇಟ್ಟುಕೊಂಡು ಬಿಸಿ ಮಾಡುತ್ತೇನೆ. ಗಡಿಯಾರ ನೋಡಿದ್ದೇನೆ, ಏಳು ನಿಮಿಷ ಬೇಕು. ಆಮೇಲೆ ಸರಿಯಾಗುತ್ತದೆ, ಆದರೆ ಆಗ ಗಾಬರಿಯಲ್ಲಿ ನಿಧಾನವಾಗುತ್ತದೆ. ನನಗೆ ಏಳು ನಿಮಿಷ ಹೆಚ್ಚು ಕೊಡಬಹುದಾ ಮಿಸ್?

ಅದನ್ನು ಓದಿ ನಾನು ಅತ್ತೆ. ಸೋಮಾರಿ ಎಂದು ಬರೆದ ಕೈ ಇದೇ ಅಲ್ಲವೇ? ಅಳೆಯುವುದು ಅಂದರೆ ಇದು, ಈ ಒಂದು ಕಾಗದಕ್ಕಾಗಿ ಉಳಿದ ನೂರ ಹದಿನೇಳು ಹಾಳಾಗಿ ಹೋಗಲಿ ಎನ್ನಿಸಿತು. ಏಳು ನಿಮಿಷ ಏನು ದೊಡ್ಡದು, ಶಾಲೆಯೇ ನಡೆಸುವ ಪರೀಕ್ಷೆಯಲ್ಲಿ?

ಮರುದಿನ ಆ ಕಾಗದವನ್ನು ಹಿಡಿದುಕೊಂಡು ಮೇಡಂ ಹತ್ತಿರ ಹೋದೆ. ಯಾರಿಗೂ ತೋರಿಸುವುದಿಲ್ಲ ಎಂದವಳು ನಾನೇ. ಒಳ್ಳೆಯದಕ್ಕೆ ತಾನೇ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಸುಮಯ್ಯಾಳನ್ನು ಒಂದು ಮಾತು ಕೇಳಿ ಹೋಗಬಹುದಿತ್ತು, ಅದೂ ಮಾಡಲಿಲ್ಲ. ಮೇಡಂ ಓದಿದರು. "ಪಾಪ, ಪುಟ್ಟ ಹುಡುಗಿ. ತಂದು ತೋರಿಸಿದ್ದು ತುಂಬ ಒಳ್ಳೆಯದಾಯಿತು" ಎಂದರು. ಏಳು ನಿಮಿಷದ ಬಗ್ಗೆ "ನೋಡೋಣ" ಎಂದರು. ಕಾಗದ ಅವರ ಫೈಲಿನಲ್ಲಿ ಉಳಿಯಿತು. ಉಳಿದ ಕಾಗದಗಳ ನಕಲಿನ ವಿಷಯ ಎತ್ತಿದೆ. "ಮಕ್ಕಳು ಶಾಂತವಾಗಿದ್ದಾರೆ ಎಂದರೆ ನಿಮಗ್ಯಾಕೆ ಬೇಜಾರು?" ಎಂದು ನಕ್ಕುಬಿಟ್ಟರು. ವರದಿಯನ್ನು ಅವರ ಆಫೀಸೇ ತಯಾರಿಸಿತು. ಕೆಳಗೆ ನನ್ನ ಸಹಿ ಬೇಕಿತ್ತು. ಹಾಕಿದೆ. ಏಳು ನಿಮಿಷ ಸಿಗಲಿ ಎಂಬ ಆಸೆಯಲ್ಲಿ ಹಾಕಿದೆ ಎಂದು ಹೇಳಿಕೊಳ್ಳುತ್ತೇನೆ. ಎದುರು ಮಾತಾಡುವ ಧೈರ್ಯ ಇರಲಿಲ್ಲ ಎಂಬುದೂ ಅಷ್ಟೇ ನಿಜ.

ಚಳಿಗಾಲ ಬಂತು. ರಾತ್ರಿ ಮಂಜು ಕವಿದು ಮುಸಫ್ಫಾದ ದಾರಿಯಲ್ಲಿ ಗಾಡಿಗಳು ಒಂದಕ್ಕೊಂದು ಡಿಕ್ಕಿ ಹೊಡೆಯುತ್ತವೆ ಎಂದು ಫೆಲಿಕ್ಸ್ ಹೊರಟಾಗಲೆಲ್ಲ ನನಗೆ ಪ್ರಾರ್ಥನೆ. ಒಂದು ದಿನ ಮಳೆ ಬಂದು ಅಲ್ ಕೂಜ್‌ನ ರಸ್ತೆಯಲ್ಲಿ ಮೊಣಕಾಲುದ್ದ ನೀರು ನಿಂತು ಶಾಲೆಗೆ ರಜೆ ಸಿಕ್ಕಿತು. ಇನ್ಸ್‌ಪೆಕ್ಷನ್ ಬಂದು ಹೋಯಿತು. ಮೊದಲ ಮಹಡಿಯ ಬೋರ್ಡಿನಲ್ಲಿ ಬಣ್ಣದ ಚಾರ್ಟು ನೇತಾಡಿತು: ನಮ್ಮ ಮಕ್ಕಳು ಪರೀಕ್ಷೆಗೆ ಹೆದರುವುದಿಲ್ಲ. ಅದರ ಕೆಳಗೇ ನಿಂತು ಮಕ್ಕಳು ಪ್ರಿಪರೇಟರಿಯ ಮುಂಚೆ ಉಗುರು ಕಚ್ಚುತ್ತಿದ್ದರು. ಆ ಪರೀಕ್ಷೆಯಲ್ಲೂ ಸುಮಯ್ಯಾಳಿಗೆ ಏಳು ನಿಮಿಷ ಸಿಗಲಿಲ್ಲ. ನಾನು ಎರಡು ಸಲ ಕೇಳಿದೆ, ಎರಡು ಸಲವೂ "ನೋಡೋಣ."

ಮಾರ್ಚಿನಲ್ಲಿ ಸೈನ್ಸ್ ಪಟ್ಟಿ ಬಂತು. ಮರುದಿನವೇ ಸುಮಯ್ಯಾಳ ತಾಯಿ ಝೀನತ್ ಬಂದರು. ಕಪ್ಪು ಬುರ್ಖಾ, ಕೈಯಲ್ಲಿ ಶಾಲೆಯ ಲಕೋಟೆ. ಸ್ಟಾಫ್ ರೂಮಿನ ಹೊರಗಿನ ಬೆಂಚಿನಲ್ಲಿ ಕೂತು ನನ್ನ ಪೀರಿಯಡ್ ಮುಗಿಯುವ ಬೆಲ್ಲಿಗಾಗಿ ಕಾಯುತ್ತಿದ್ದರು.

"ಟೀಚರ್, ಇದರಲ್ಲಿ ಎಂತ ಬರ್ದಿದ್ದಾರೆ ನೋಡಿ. ಬಯಾಲಜಿ ಕೊಡುದಿಲ್ಲಂತೆ. ಕಾಮರ್ಸ್ ತಗೊಳ್ಬೇಕಂತೆ."

ಓದಿದೆ. ಮಾರ್ಕು ಗಡಿಯಲ್ಲಿತ್ತು, ಆ ಮಾರ್ಕಿನ ಬೇರೆ ಇಬ್ಬರಿಗೆ ಸೀಟು ಸಿಕ್ಕಿದ್ದು ನನಗೆ ಗೊತ್ತಿತ್ತು. ಇವಳ ಹೆಸರಿನ ಮುಂದೆ ಮಾತ್ರ ಒಂದು ಸಾಲು: ಪರೀಕ್ಷಾ ಆತಂಕ ತೀವ್ರ, ವಿಜ್ಞಾನದ ಒತ್ತಡ ತಾಳಲಾರಳು.

"ಎಲ್ಲಾ ಮಕ್ಕಳಿಗೂ ಅಮ್ಮಂದಿರು ಉತ್ತರ ಕಲಿಸಿ ಕಳಿಸಿದ್ರು ಟೀಚರ್. ನನಗೂ ವಾಟ್ಸಾಪಲ್ಲಿ ಬಂದಿತ್ತು. ನಾನೇ ಮಗಳಿಗೆ ಹೇಳ್ದೆ, ಅದೆಲ್ಲ ಬೇಡ, ಕೇಳುದು ನಮ್ಮೂರ ಕಡೆ ಟೀಚರ್, ಅವ್ರ ಹತ್ರ ಸುಳ್ಳು ಬರಿಬಾರ್ದು ಅಂತ." ಅವರ ದನಿ ಏರಲಿಲ್ಲ. ಏರಿದ್ದರೆ ಚೆನ್ನಾಗಿತ್ತು. "ಇವಳ ಅಬ್ಬಾ ಹೇಳ್ತಾರೆ, ಇಲ್ಲಿ ಸೈನ್ಸ್ ಇಲ್ಲ ಅಂದ್ರೆ ಖಲಾಸ್, ಊರಲ್ಲಿ ಚಿಕ್ಕಮ್ಮನ ಮನೆಯಲ್ಲಿ ಬಿಟ್ಟು ಓದಿಸುವ ಅಂತ. ಹದಿನೈದು ವರ್ಷ ಒಂದು ದಿನ ನನ್ನ ಬಿಟ್ಟು ಮಲಗಿದವಳಲ್ಲ ಅವ್ಳು. ನೀವು ಒಂದು ಮಾತು ಹೇಳಿ ಟೀಚರ್."

ನಾನು ನೇರ ಮೇಡಂ ಕೋಣೆಗೆ ನುಗ್ಗಿದೆ. ಬಾಗಿಲು ತಟ್ಟಿದ ನೆನಪಿಲ್ಲ.

"ಉಳಿದ ನೂರ ಹದಿನೇಳು ಕಾಗದವೂ ಸುಳ್ಳು ಮೇಡಂ. ನಿಜ ಬರೆದದ್ದು ಈ ಹುಡುಗಿ ಒಬ್ಬಳೇ. ಅವಳನ್ನೇ ಹೊರಗೆ ಹಾಕುತ್ತೀರಾ?"

"ಹಾಗಾದರೆ ಇನ್ಸ್‌ಪೆಕ್ಟರುಗಳಿಗೆ ನಾವು ಕೊಟ್ಟ ವರದಿ ಸುಳ್ಳು ಅನ್ನುತ್ತೀರಾ?" ಎಂದರು ಅವರು, ಬಹಳ ಸಾವಕಾಶವಾಗಿ. "ಅದರಲ್ಲಿ ಸಹಿ ನಿಮ್ಮದು."

"ಸುಳ್ಳೇ. ಬರೆದು ಕೊಡುತ್ತೇನೆ."

"ಬರೆದು ಕೊಡಿ. ಆಮೇಲೆ ಎಲ್ಲ ಪಟ್ಟಿಯನ್ನೂ ನಿಲ್ಲಿಸಿ ವಿಚಾರಣೆ ಮಾಡಬೇಕಾಗುತ್ತದೆ. ಅದು ಮುಗಿಯುವಷ್ಟರಲ್ಲಿ ಏಪ್ರಿಲ್ ಕಳೆದು ಹನ್ನೊಂದರ ಕ್ಲಾಸು ಶುರುವಾಗಿರುತ್ತದೆ. ಹುಡುಗಿಗೆ ಅದರಿಂದೇನು ಲಾಭ?" ಅವರು ನೀರಿನ ಲೋಟ ನನ್ನ ಕಡೆ ಸರಿಸಿದರು. "ಒಂದು ಕೆಲಸ ಮಾಡಿ ಜೆಸಿಂತಾ. ಅವಳಿಗೆ ಕೌನ್ಸೆಲಿಂಗ್ ಮಾಡಿ, ಒಂದು ವಾರ. ಗುರುವಾರ ನನ್ನ ಎದುರಿಗೇ ಇನ್ನೊಮ್ಮೆ ಪ್ರಶ್ನಾವಳಿ ತುಂಬಲಿ. ಐವತ್ತರ ಒಳಗೆ ಬಂದರೆ ಸೀಟು ಕೊಡುತ್ತೇನೆ."

ಕಾಗದದಲ್ಲಿ ಬರೆದು ಕೊಡುತ್ತೇನೆ ಎಂದವಳು ಬಾಯಿ ಮುಚ್ಚಿಕೊಂಡು ಹೊರಗೆ ಬಂದೆ. ಹೇಳುವುದು ಆಚಾರ, ತಿನ್ನುವುದು ಬದನೆಕಾಯಿ. ಫೋನಿನಲ್ಲಿ ಫೆಲಿಕ್ಸ್‌ಗೆ ಹೇಳಿ ಅತ್ತೆ. ನಾನು ಹೇಳಿರಲಿಲ್ಲವಾ ಎಂದು ಅವನು ಅನ್ನಲಿಲ್ಲ. "ಮೊದಲು ಆ ಮಗುವನ್ನು ಮೇಲೆ ಹತ್ತಿಸು ಜೆಸ್ಸಿ. ನ್ಯಾಯ ಆಮೇಲೆ ನೋಡುವ" ಎಂದ.

ಒಂದು ವಾರದ ಕೌನ್ಸೆಲಿಂಗ್ ಎಂದರೆ ಏನು ಮಾಡಿದೆ ಎಂದು ಕೇಳಬೇಡಿ. ಲ್ಯಾಬಿನಲ್ಲಿ ಅವಳ ಎದುರು ಕೂತು ಏನೇನೋ ಹರಟಿದೆ. ಉಸಿರು ಎಳೆದುಕೊಳ್ಳುವುದು, ಬಿಡುವುದು. ಅವಳ ಕಾಗದವನ್ನು ನಾನೇ ಕೊಂಡುಹೋಗಿ ತೋರಿಸಿದ್ದು ಅವಳಿಗೆ ಗೊತ್ತಿತ್ತು. ಕ್ಷಮಿಸು ಎಂದೆ. "ಇಟ್ಸ್ ಓಕೆ, ಮಿಸ್" ಎಂದಳು. ಬುಧವಾರ ಕೊನೆಯ ಪೀರಿಯಡ್‌ನಲ್ಲಿ ಇನ್ನು ತಡೆಯಲಾಗದೆ ಹೇಳಿಬಿಟ್ಟೆ.

"ಸುಮಯ್ಯಾ, ನಾಳೆ ಎಲ್ಲದಕ್ಕೂ ಒಂದು ಅಂತ ಗುರುತು ಹಾಕು. ಮೂರು, ಒಂಬತ್ತು, ಹದಿನಾಲ್ಕು, ಇಪ್ಪತ್ತೆರಡು, ಇಷ್ಟಕ್ಕೆ ಮಾತ್ರ ಎರಡು."

ಅವಳು ನನ್ನನ್ನೇ ನೋಡಿದಳು. "ಬಟ್ ಮಿಸ್, ಯು ಸೆಡ್..."

"ನಾನು ಹೇಳಿದ್ದು ನನಗೆ ಗೊತ್ತುಂಟು."

ಆಮೇಲೆ ಅವಳು ಪೆನ್ಸಿಲ್ ತೆಗೆದು ಅಂಗೈಯಲ್ಲಿ ಬರೆದುಕೊಳ್ಳಲು ಹೋದಳು. "ಬೇಡ, ಬಾಯಿಪಾಠ ಮಾಡು" ಎಂದೆ. ಅವಳು ಕಣ್ಣುಮುಚ್ಚಿ ಮೂರು ಸಲ ಹೇಳಿದಳು, ಮಗ್ಗಿ ಹೇಳುವ ಹಾಗೆ. ನಾನು ತಪ್ಪಿದಲ್ಲಿ ತಿದ್ದಿದೆ.

ಗುರುವಾರ ಬೆಳಿಗ್ಗೆ ಹತ್ತು ಗಂಟೆ, ಮೇಡಂ ಕೋಣೆ. ದೊಡ್ಡ ಮೇಜಿನ ಒಂದು ಮೂಲೆಯಲ್ಲಿ ಸುಮಯ್ಯಾಳನ್ನು ಕೂರಿಸಿದರು. ಹೊಸದಾಗಿ ಜೆರಾಕ್ಸ್ ಮಾಡಿದ ಕಾಗದ, ಇನ್ನೂ ಬೆಚ್ಚಗಿತ್ತು. ಮೇಡಂ ಗಡಿಯಾರ ನೋಡಿ, "ಯೆಸ್, ಶುರು ಮಾಡು" ಎಂದರು. ಸುಮಯ್ಯಾ ಪೆನ್ ಎತ್ತಿದಳು. ಪೆನ್ ಜಾರಿ ಮೇಜಿನ ಮೇಲೆ ಬಿತ್ತು. ಇನ್ನೊಮ್ಮೆ ಎತ್ತಿದಳು, ಇನ್ನೊಮ್ಮೆ ಬಿತ್ತು. ಅವಳು ಬಲಗೈಯನ್ನು ಎಡಗಂಕುಳಲ್ಲಿ ಸಿಕ್ಕಿಸಿಕೊಂಡು, ಮುದುಡಿ, ತಲೆ ತಗ್ಗಿಸಿ ಕೂತಳು. ಆರು ತಿಂಗಳಿಂದ ನಾನು ಕಾಗದದಲ್ಲಿ ಓದಿ ಗೊತ್ತಿದ್ದದ್ದನ್ನು ಅವತ್ತು ಮೊದಲ ಬಾರಿ ಕಣ್ಣಾರೆ ಕಂಡೆ.

"ಏನಾಯಿತು?" ಎಂದು ಮೇಡಂ ಎದ್ದರು.

ನನಗೆ ಎಲ್ಲಿಂದ ದನಿ ಬಂತೋ. "ಕೂತ್ಕೊಳ್ಳಿ ಮೇಡಂ. ಅವಳಿಗೆ ಏಳು ನಿಮಿಷ ಕೊಡಿ" ಎಂದೆ. ಅಷ್ಟು ಜೋರಾಗಿ ನಾನು ಆ ಕೋಣೆಯಲ್ಲಿ ಎಂದೂ ಮಾತಾಡಿರಲಿಲ್ಲ. ಮೇಡಂ ಕೂತರು. ಮೂವರೂ ಗೋಡೆಯ ಗಡಿಯಾರ ನೋಡುತ್ತಾ ಕಾದೆವು. ಹತ್ತೂ ಏಳಕ್ಕೆ ಸರಿಯಾಗಿ ಅವಳು ಕೈ ಹೊರಗೆ ತೆಗೆದು, ಬೆರಳು ಮಡಿಸಿ ಬಿಚ್ಚಿ, ಪೆನ್ ಹಿಡಿದಳು. ಆಮೇಲೆ ಎರಡೇ ನಿಮಿಷ. ಒಂದೂ ವಾಕ್ಯ ಓದದೆ ಸರಸರ ಗುರುತು ಹಾಕಿ ಕೊಟ್ಟಳು. ಯಾವ ಪರೀಕ್ಷೆಯಲ್ಲೂ ಸಿಗದ ಏಳು ನಿಮಿಷ ಅವಳಿಗೆ ಸಿಕ್ಕಿದ್ದು ಸುಳ್ಳು ಬರೆಯುವುದಕ್ಕೆ.

ಮೇಡಂ ಕೂಡಿಸಿದರು. ಇಪ್ಪತ್ತೊಂಬತ್ತು. ಎದುರಿಗೇ ಮುದುಡಿ ಕೂತಿದ್ದ ಹುಡುಗಿಯನ್ನು ಕಣ್ಣಾರೆ ನೋಡಿಯೂ, ಅಂಕಿಗೆ ಸುತ್ತು ಹಾಕಿ, "ವಂಡರ್‌ಫುಲ್" ಎಂದರು. ಸೀಟು ಸಿಕ್ಕಿತು. ತೊಂಬತ್ತೊಂದರಿಂದ ಇಪ್ಪತ್ತೊಂಬತ್ತಕ್ಕೆ ಇಳಿದದ್ದು ಮುಂದಿನ ವರ್ಷದ ವರದಿಯಲ್ಲಿ ಕೌನ್ಸೆಲಿಂಗ್‌ನ ಯಶಸ್ಸು ಎಂದು ಅಚ್ಚಾಯಿತು, ನನಗೊಂದು ಸರ್ಟಿಫಿಕೇಟೂ ಬಂತು. ಅದನ್ನು ಸೂಟ್‌ಕೇಸಿನ ತಳದಲ್ಲಿ ಹಾಸಲು ಬಳಸಿದೆ.

ಕಾರಿಡಾರಿನಲ್ಲಿ ಸುಮಯ್ಯಾ ನನಗಾಗಿ ನಿಂತಿದ್ದಳು. ಯಾವಾಗಲೂ ಇಂಗ್ಲಿಷಿನಲ್ಲಿ ಉತ್ತರ ಕೊಡುವವಳು, ಅವತ್ತು ಕನ್ನಡದಲ್ಲಿ ಕೇಳಿದಳು.

"ಟೀಚರ್, ನಾನು ಪಾಸಾ?"

"ಪಾಸು ಮಗಾ" ಎಂದೆ.

ಅವಳು ಊರಿಗೆ ಹೋಗಬೇಕಾಗಿ ಬರಲಿಲ್ಲ. ತಾಯಿ ಝೀನತ್ ಡಬ್ಬಿ ತುಂಬ ಭಟ್ಕಳದ ಸಿಹಿ ಮಾಡಿ ಕಳಿಸಿದರು. ಮುಂದೆ ಎರಡು ವರ್ಷ ಅವಳು ನನ್ನ ಬಯಾಲಜಿ ಕ್ಲಾಸಿನಲ್ಲೇ ಕೂತಳು, ಮುಂದಿನ ಬೆಂಚಿನಲ್ಲಿ. ಚಿತ್ರ ಮೊದಲಿನಷ್ಟೇ ಚಂದ. ಪರೀಕ್ಷೆಯ ಹಾಲಿನಲ್ಲಿ ಬೆಲ್ ಹೊಡೆದಾಗಲೆಲ್ಲ ಅವಳ ಬಲಗೈ ಎಡಗಂಕುಳಿಗೆ ಹೋಗುವುದನ್ನು ನಾನು ದೂರದಿಂದ ನೋಡುತ್ತಿದ್ದೆ, ಗಡಿಯಾರವನ್ನೂ ನೋಡುತ್ತಿದ್ದೆ. ಇಪ್ಪತ್ತೊಂಬತ್ತು ಬಂದ ಮಗುವಿಗೆ ಹೆಚ್ಚು ಸಮಯ ಕೊಡಿ ಎಂದು ಯಾರ ಹತ್ತಿರ ಕೇಳಲಿ? ಜಿರಳೆಯ ನೋವಿನ ಬಗ್ಗೆ ಕೇಳುತ್ತಿದ್ದವಳು ಆ ಎರಡು ವರ್ಷದಲ್ಲಿ ನನಗೆ ಒಂದೂ ಪ್ರಶ್ನೆ ಕೇಳಲಿಲ್ಲ. ಮೆಟ್ಟಿಲಿನಲ್ಲಿ ಎದುರಾದರೆ ನಾನೇ ಕೇಳುತ್ತಿದ್ದೆ, "ಹೇಗಿದ್ದೀ ಸುಮಯ್ಯಾ? ಪರೀಕ್ಷೆ ಹತ್ತಿರ ಬಂತು, ಹೆದರಿಕೆ ಉಂಟಾ?" ಅವಳು ನಕ್ಕು, ಒಂದು ಕ್ಷಣವೂ ಯೋಚಿಸದೆ ಹೇಳುತ್ತಿದ್ದಳು, "ನೋ ಮಿಸ್. ಐ ಆಮ್ ಫೈನ್."

ನಮ್ಮ ಪ್ರಶ್ನಾವಳಿಯಲ್ಲಿ ಅದಕ್ಕೆ ಒಂದು ಅಂಕ. ಆ ಉತ್ತರವನ್ನು ಅವಳಿಗೆ ಬಾಯಿಪಾಠ ಮಾಡಿಸಿದವಳು ನಾನೇ.